ಮರಕ್ಕೆ ಎರಡು ದಿನ ರಜೆ

ಮೊನ್ನೆ ಬೆಳ್ತಂಗಡಿಯ ಒಂದು ಆಫೀಸಿಗೆ ಹೋಗಿದ್ದೆ. ಕಿಟಕಿಯ ಹಿಂದೆ ಕೂತ ಹುಡುಗಿ ನನ್ನ ಕಾಗದಗಳನ್ನೆಲ್ಲ ಮಗುಚಿ ನೋಡಿ, ಒಂದಕ್ಕೆ ಪಿನ್ನು ಚುಚ್ಚಿ, "ಗುರುವಾರ ಬನ್ನಿ" ಎಂದಳು.

"ಗುರುವಾರ ಮರ ಉಂಟಾ, ರಜೆಯಾ?" ಎಂದು ಕೇಳಿದೆ.

ಹುಡುಗಿ ಪಕ್ಕದವಳ ಮುಖ ನೋಡಿದಳು. ಪಕ್ಕದವಳು ಗೋಡೆಯ ಕ್ಯಾಲೆಂಡರ್ ನೋಡಿ, "ರಜೆ ಇಲ್ಲ ಅಂಕಲ್, ಆಫೀಸ್ ಉಂಟು" ಎಂದಳು.

"ಆಫೀಸಿನದ್ದಲ್ಲ ಮಗಾ, ಮರದ್ದು."

ನನ್ನ ಬೆನ್ನಿಗೆ ಅಂಟಿಕೊಂಡು ನಿಂತಿದ್ದವರು ಸ್ವಲ್ಪ ಹಿಂದೆ ಸರಿದರು. ಸಾಲಿನಲ್ಲಿ ಅಷ್ಟು ಜಾಗ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ನೀವೂ ಹಿಂದೆ ಸರಿಯುವ ಮೊದಲು ಹೇಳಿಬಿಡುತ್ತೇನೆ. ನಾನು ರಬ್ಬರ್ ಟ್ಯಾಪಿಂಗ್ ಮಾಡುವವನು. ವೇಣೂರು ದಾಟಿದ ಮೇಲೆ ಒಂದು ಗುಡ್ಡ, ಗುಡ್ಡದ ಮೇಲೆ ನಮ್ಮ ಧನಿಗಳ ರಬ್ಬರ್ ತೋಟ, ಗುಡ್ಡದ ಕೆಳಗೆ ನನ್ನ ಮನೆ. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟು ಕಟ್ಟಿಕೊಂಡು ಹೋಗಿ ಮರದ ತೊಗಟೆಯನ್ನು ಓರೆಯಾಗಿ, ಕಾಗದದಷ್ಟು ತೆಳುವಾಗಿ ಕೆತ್ತಬೇಕು. ಹಾಲು ಹನಿಹನಿಯಾಗಿ ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಇಳಿಯುತ್ತದೆ. ಇಳಿದ ಹಾಲನ್ನು ಬಕೆಟ್ಟಿಗೆ ಹೊಯ್ದು ತಂದು, ಹೆಪ್ಪು ಹಾಕಿ, ಮಿಶನ್ನಿಗೆ ಕೊಟ್ಟು ಹಾಳೆಯಾಗಿ ಒತ್ತಿ, ಹೊಗೆಗೂಡಿನಲ್ಲಿ ನೇತುಹಾಕುವಾಗ ಮಧ್ಯಾಹ್ನ ಕಳೆದಿರುತ್ತದೆ. ಇದು ಮರದ ದಿನ. ಮರುದಿನ ಮರಕ್ಕೆ ರಜೆ. ದಿನಾ ಕೆತ್ತಿದರೆ ಕೆತ್ತಿದ ಜಾಗದ ತೊಗಟೆ, ಅಂದರೆ ಪಟ್ಟೆ, ಒಣಗಿ ಮರ ಹಾಳಾಗುತ್ತದೆ. ಆದ್ದರಿಂದ ಒಂದು ದಿನ ಮರ, ಒಂದು ದಿನ ರಜೆ. ನಿಮಗೆ ವಾರಕ್ಕೆ ಏಳು ದಿನ. ಇತ್ತೀಚಿನವರೆಗೂ ನನಗೆ ಎರಡೇ.

ಬೆಳಗ್ಗೆ ಮಳೆ ಬಂದರೆ ಅದೂ ಜಾರುತ್ತದೆ. ಮಳೆ ನೀರು ಹಾಲನ್ನು ತೊಳೆದುಕೊಂಡು ಹೋಗುತ್ತದಲ್ಲ, ಹಾಗಾಗಿ ಆ ದಿನ ಕೆತ್ತುವ ಹಾಗಿಲ್ಲ. ಮರದ ದಿನ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತದೆ, ಅದರ ಹಿಂದೆ ನಮ್ಮ ಮನೆಯ ಸಕಲ ವ್ಯವಹಾರಗಳೂ ಒಂದೊಂದು ಹೆಜ್ಜೆ ಸರಿಯುತ್ತವೆ. ಗೋಡೆಯ ಕ್ಯಾಲೆಂಡರ್ ಮಾತ್ರ ಅದರ ಪಾಡಿಗೆ ಅದು. ವರ್ಷಕ್ಕೊಂದು ಹೊಸದು ತಂದು ನೇತುಹಾಕುತ್ತೇವೆ, ಗೋಡೆಯ ಬಿರುಕು ಮುಚ್ಚಲಿಕ್ಕೆ. ಬಂಟ್ವಾಳಕ್ಕೆ ಕೊಟ್ಟ ಮಗಳು ಫೋನ್ ಮಾಡಿದರೆ ಮೊದಲು ಕೇಳುವುದು "ಅಪ್ಪ, ಉಷಾರುಂಟಾ?" ಎಂದಲ್ಲ. "ಇವತ್ತು ಮರವಾ?" ಎಂದು. ಮರ ಎಂದರೆ, "ಹಾಗಾದರೆ ಅಮ್ಮನಿಗೆ ಕೊಡಿ" ಎನ್ನುತ್ತಾಳೆ. ಮರದ ದಿನ ಮಾತಾಡುತ್ತಿದ್ದ ಹಾಗೆಯೇ ನಾನು ನಿದ್ದೆ ಹೋಗುತ್ತೇನೆಂದು ಅವಳಿಗೆ ಗೊತ್ತು.

ಒಂದು ಬಿಟ್ಟು ಒಂದರ ಈ ಅಭ್ಯಾಸ ರಬ್ಬರಿನಿಂದ ಬಂದದ್ದು ಎಂದು ನೀವು ತಿಳಿದಿರಬಹುದು. ಅಲ್ಲ. ತೋಡಾರಿನಲ್ಲಿ ಸಣ್ಣವನಿದ್ದಾಗಲೇ ಬಂದದ್ದು. ಆಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕೊಡೆ. ಶಾಲೆಗೆ ಹೋಗುವವರು ಇಬ್ಬರು, ಅಣ್ಣ ಮತ್ತು ನಾನು. ಒಂದೇ ಕೊಡೆಯಡಿ ಕಳಿಸಿದರೆ ಹೊಡೆದಾಡಿಕೊಂಡು ಇಬ್ಬರೂ ಒದ್ದೆಯಾಗಿ ಬರುತ್ತೇವೆಂದು ಅಮ್ಮ ಒಂದು ಕಾನೂನು ಮಾಡಿದರು. ಮಳೆಗಾಲದಲ್ಲಿ ಒಂದು ದಿನ ಅವನು, ಒಂದು ದಿನ ನಾನು. ಎಲ್ಲ ಕ್ಲಾಸಿಗೂ ಒಬ್ಬರೇ ಮಾಸ್ಟ್ರು, ದಿನಕ್ಕೊಂದು ಮಗ್ಗಿ ಹೇಳಿಕೊಡುವವರು. ಹಾಗಾಗಿ ಎರಡರ, ನಾಲ್ಕರ, ಆರರ ಮಗ್ಗಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಹೇಳುತ್ತೇನೆ. ಮೂರು, ಐದು, ಏಳು ಅಣ್ಣನ ಪಾಲಿನದ್ದು. ನಮ್ಮಿಬ್ಬರನ್ನು ಒಟ್ಟಿಗೆ ನಿಲ್ಲಿಸಿದರೆ ಒಬ್ಬ ವಿದ್ಯಾವಂತ ಆಗುತ್ತಿದ್ದ. ಆದರೆ ಪರೀಕ್ಷೆಗೆ ಒಬ್ಬೊಬ್ಬರನ್ನೇ ಕೂರಿಸಿದರು. ಐದನೇ ಕ್ಲಾಸಿನಲ್ಲಿ ಶಾಲೆಗೆ ನಾನೇ ನಮಸ್ಕಾರ ಹೇಳಿದೆ. ಅದರ ಬಗ್ಗೆ ಬೇಸರ ಏನೂ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ ದುಡಿದು ಉಂಡಿದ್ದೇನೆ. ನಾನು ಕೆತ್ತಿದ ಪಟ್ಟೆಯನ್ನು ನೋಡಲಿಕ್ಕೆಂದೇ ಬೇರೆ ತೋಟದವರು ಬರುತ್ತಾರೆ. ಬೇಕಾದರೆ ಬಂದು ನೋಡಿ.

ಅಪ್ಪನದ್ದೂ ಮರದ ಕೆಲಸವೇ. ತಾಳೆಮರ ಹತ್ತಿ ಶೇಂದಿ ಇಳಿಸುತ್ತಿದ್ದರು. ಅವರ ಲೆಕ್ಕ ಇನ್ನೊಂದು ಥರ. ಬೆಳಗ್ಗೆ ಒಮ್ಮೆ ಹತ್ತಬೇಕು, ಸಂಜೆ ಒಮ್ಮೆ ಹತ್ತಬೇಕು, ರಜೆ ಎಂಬ ಶಬ್ದವೇ ಇಲ್ಲ. ನಾನು ರಬ್ಬರಿಗೆ ಸೇರಿದ ಹೊಸತರಲ್ಲಿ ಅವರು ಒಮ್ಮೆ ತೋಟ ನೋಡಲಿಕ್ಕೆ ಬಂದರು. ಕೈ ಹಿಂದೆ ಕಟ್ಟಿಕೊಂಡು ಸಾಲುಸಾಲು ಮರಗಳನ್ನು ನೋಡಿದರು. ಆಮೇಲೆ ಹೇಳಿದರು:

"ಎಂತ ಮರ ಮಗಾ ಇದು? ಹತ್ತಲಿಕ್ಕಿಲ್ಲ, ಕುಡಿಯಲಿಕ್ಕಿಲ್ಲ."

ಆದರೂ ಬಿಡದೆ ಒಂದು ಗೆರಟೆ ಎತ್ತಿ ಮೂಸಿದರು. ಕಳ್ಳನ್ನು ಮೂಸಿ ಅಭ್ಯಾಸವಾದ ಮೂಗು, ಸ್ವಲ್ಪ ಹತ್ತಿರವೇ ಹೋಯಿತು. ಅಪ್ಪನ ಮೀಸೆ ಊರಿಗೇ ದೊಡ್ಡದು. ಅದರ ಎಡ ತುದಿ ಹಾಲಿನಲ್ಲಿ ಅದ್ದಿತು. ಮನೆಗೆ ಮುಟ್ಟುವಾಗ ಅದು ಗಟ್ಟಿಯಾಗಿ ಒಣಗಿದ ರಬ್ಬರ್ ಆಗಿತ್ತು. ಎಳೆದರೆ ಉದ್ದವಾಗುತ್ತದೆ, ಬಿಟ್ಟರೆ ಮೂಗಿಗೆ ಹೊಡೆಯುತ್ತದೆ. ಕೊನೆಗೆ ಎರಡೂ ಬದಿ ಬೋಳಿಸಬೇಕಾಯಿತು. ಆಮೇಲೆ ಅಪ್ಪ ನನ್ನ ಕಸುಬಿನ ಬಗ್ಗೆ ಯಾವ ಅಭಿಪ್ರಾಯವನ್ನೂ ಹೇಳಲಿಲ್ಲ.

ಈಗ ನನ್ನ ಹೆಂಡತಿ ಸುಮತಿಯ ವಿಷಯ. ಪುತ್ತಿಗೆಯವಳು. ನಮಗೆ ಮದುವೆಯಾಗಿ ಮೂವತ್ತು ವರ್ಷ ಆಯಿತು ಎಂದು ಜನ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಹದಿನೈದೇ. ಮರದ ದಿನಗಳನ್ನು ಕಳೆಯಬೇಕಲ್ಲ. ಮರದ ದಿನ ನಾನು ಏಳುವಾಗ ಅವಳು ಮಲಗಿರುತ್ತಾಳೆ, ಬಂದು ಉಂಡ ಕೂಡಲೇ ನಾನು ಮಲಗುತ್ತೇನೆ. ಮಾತು, ಚರ್ಚೆ, ಜಗಳ ಎಲ್ಲ ರಜೆಯ ದಿನಕ್ಕೆ. ಸುಮತಿಯ ವಿಶೇಷ ಏನೆಂದರೆ, ಮುಗಿಯದ ಜಗಳ ಅವಳಲ್ಲಿ ಕೆಡುವುದಿಲ್ಲ. ಒಮ್ಮೆ ಅವಳ ತಮ್ಮನ ಮನೆಯೊಕ್ಕಲಿಗೆ ಹೋಗಿ, ಮರುದಿನ ಮರ ಇದ್ದ ಕಾರಣ ನಾನು ಊಟ ಮುಗಿಸಿದವನೇ ಹೊರಟು ಬಂದಿದ್ದೆ. ಮುಂದಿನ ರಜೆಯ ದಿನ ಅವಳು ಶುರು ಮಾಡಿದಳು. "ಕೈ ತೊಳೆದ ನೀರು ಒಣಗಿರಲಿಲ್ಲ, ಬಸ್ಸು ಹತ್ತಿದಿರಿ. ಅಲ್ಲಿಗೆ ಬಂದವರೆಲ್ಲ..." ಎನ್ನುವಾಗ ಯಾರೋ ಬಂದರು. ಮರುದಿನ ಮರ. ಅದರ ಮರುದಿನ ಬೆಳಗ್ಗೆ ದೋಸೆ ಮಗುಚುತ್ತಾ ಹೇಳುತ್ತಾಳೆ, "...ಕೇಳಿದರು, ಬಾವ ಎಲ್ಲಿ ಅಂತ." ನಡುವೆ ಒಂದು ಹಗಲು ಒಂದು ರಾತ್ರಿ ಕಳೆದದ್ದು ಅವಳ ವಾಕ್ಯಕ್ಕೆ ಗೊತ್ತೇ ಇಲ್ಲ.

ಇದನ್ನು ದೂರು ಎಂದು ಹೇಳುತ್ತಿಲ್ಲ. ಈ ಎರಡು ದಿನದ ತಾಳ ನಮಗೆ ಚೆನ್ನಾಗಿ ಹೊಂದಿತ್ತು. ಜಗಳಕ್ಕೆ ಒಂದು ದಿನ, ಅದು ತಣಿಯಲಿಕ್ಕೆ ಒಂದು ದಿನ. ಹೀಗೇ ಸಾಯುವವರೆಗೆ ನಡೆಯುತ್ತದೆಂದು ನಾನು ಗುಡ್ಡ ಹತ್ತಿ ಇಳಿಯುತ್ತಿದ್ದೆ.

ಅಷ್ಟರಲ್ಲಿ ಧನಿಗಳು ಯಾವುದೋ ಮೀಟಿಂಗಿಗೆ ಹೋಗಿ ಬಂದರು. ನಮ್ಮ ಧನಿಗಳು ಒಳ್ಳೆಯವರು, ಮೀಟಿಂಗ್ ಒಂದಕ್ಕೆ ಹೋಗಬಾರದು ಅಷ್ಟೆ. ಹೊಗೆಗೂಡಿನ ಹತ್ತಿರ ಬಂದು ನಿಂತು ಹೇಳಿದರು:

"ಸಂಜೀವ, ಇನ್ನು ನಾವು ಮೂರು ದಿನಕ್ಕೊಮ್ಮೆ ಕೆತ್ತುವ."

"ಯಾಕೆ ಧನಿ? ಮರ ಏನಾದರೂ ಹೇಳಿತಾ?"

"ಮರಕ್ಕೆ ಎರಡು ದಿನ ರಜೆ ಕೊಟ್ಟರೆ ಹಾಲು ಜಾಸ್ತಿ ಬರ್ತದಂತೆ ಮಾರಾಯ. ಆಯುಷ್ಯವೂ ಜಾಸ್ತಿ. ನಿನಗೆ ನಷ್ಟ ಆಗದ ಹಾಗೆ ನಾನು ನೋಡಿಕೊಳ್ತೇನೆ. ನೀನೂ ಸ್ವಲ್ಪ ಆರಾಮಾಗಿರು. ಎರಡು ದಿನ ಸುಮತಿಗೆ ಸಹಾಯ ಮಾಡು."

ಮೂರರ ಮಗ್ಗಿ ಅಣ್ಣನ ಪಾಲಿನದ್ದು ಎಂದು ಹೇಳುವ ಹಾಗಿರಲಿಲ್ಲ. ಆಗಬಹುದು ಎಂದೆ. ಮನೆಗೆ ಬಂದು ಸುಮತಿಗೆ ಹೇಳಿದೆ. ಅವಳು ಬೀಡಿ ಕಟ್ಟುತ್ತಿದ್ದಳು. ಬೆರಳು ನಿಂತಿತು. ಬೀಡಿ ಕಟ್ಟುವ ಹೆಂಗಸಿನ ಬೆರಳು ನಿಂತರೆ ವಿಷಯ ಸಣ್ಣದಲ್ಲ.

"ಎರಡು ದಿನವಾ?" ಎಂದಳು. "ಒಟ್ಟಿಗೆ?"

ಮೊದಲ ರಜೆ ಎಂದಿನ ಹಾಗೆ ಕಳೆಯಿತು. ಎರಡನೆಯ ರಜೆಯ ದಿನ ನನ್ನ ತಲೆಗೆ ರಜೆ ಎಂದು ಗೊತ್ತಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ಅದು ಕತ್ತಲಲ್ಲೇ ಎದ್ದು, ಲೈಟು ಕಟ್ಟಿಕೊಂಡು, ಗುಡ್ಡ ಹತ್ತಿ, ಮೊದಲ ಮರದ ಎದುರು ಹೋಗಿ ನಿಂತಿತು. ಕತ್ತಿ ಎತ್ತಿದೆ. ಆಗ ನೆನಪಾಯಿತು. ಮರ ಆರಾಮಾಗಿ ನಿಂತಿತ್ತು, ಗೆರಟೆ ಕವುಚಿತ್ತು. ಮಲಗಿದ ಮನೆಯವರನ್ನು ಎಬ್ಬಿಸಿದ ನೆಂಟನ ಹಾಗೆ ನನಗೇ ಸಂಕೋಚವಾಗಿ ಇಳಿದು ಬಂದೆ. ಸುಮತಿ ಬಾಗಿಲಲ್ಲೇ ನಿಂತಿದ್ದಳು.

"ಎಂತ, ಮರ ಬೈದು ಕಳಿಸಿತಾ?"

ಕಾಲು ತಪ್ಪಿದ್ದು ನನ್ನದೊಂದೇ ಅಲ್ಲ ಎಂದು ಗೊತ್ತಾದದ್ದು ಸ್ವಲ್ಪ ಹೊತ್ತಿನ ಮೇಲೆ. ಹಿಂದಿನ ಕ್ರಮದಲ್ಲಾದರೆ ಅವತ್ತು ಮರದ ದಿನ. ಮರದ ದಿನಗಳಲ್ಲಿ ನೆರೆಮನೆಯ ಲೀಲಕ್ಕ, ಆಚೆ ಮನೆಯ ಐಸಮ್ಮ ಇಬ್ಬರೂ ಎಲೆ, ಹೊಗೆಸೊಪ್ಪು, ನೂಲು ತುಂಬಿದ ತಡ್ಪೆ, ಅಂದರೆ ಮೊರ, ಹಿಡಿದುಕೊಂಡು ನಮ್ಮ ಜಗಲಿಗೆ ಬಂದು ಸುಮತಿಯ ಜೊತೆ ಬೀಡಿ ಕಟ್ಟುತ್ತಾರೆ. ಅವರು ಬರುತ್ತಾರೆಂದು ನನಗೆ ಗೊತ್ತಿತ್ತು. ಬಂದು ಏನು ಮಾಡುತ್ತಾರೆಂದು ಗೊತ್ತಿರಲಿಲ್ಲ. ಬೀಡಿ ಕಟ್ಟುವುದೆಂದರೆ ಬೀಡಿ ಕಟ್ಟುವುದು ಎಂದು ತಿಳಿದಿದ್ದೆ.

ಒಳಗೆ ಮಂಚದ ಮೇಲೆ ಬಿದ್ದುಕೊಂಡಿದ್ದೆ. ಜಗಲಿಯಿಂದ ನಗು ಕೇಳಿತು. ಇಷ್ಟು ವರ್ಷದಲ್ಲಿ ಸುಮತಿ ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುವುದು, ನಡುವೆ ಉಸಿರು ಸಿಕ್ಕದೆ "ಅಯ್ಯೋ ಸಾಕು ಲೀಲಕ್ಕ" ಎನ್ನುವುದು. ಇಂಥ ತಮಾಷೆ ನಡೆಯುವಾಗ ಮನೆಯ ಯಜಮಾನ ಒಳಗೆ ಬಿದ್ದಿರುವುದು ಸರಿಯಾ? ಎದ್ದು ಹೊರಗೆ ಬಂದೆ.

ನಗು ಟಪ್ಪೆಂದು ನಿಂತಿತು. ಲೀಲಕ್ಕ ತನ್ನ ಹಣೆಯ ಮೇಲೆ ಇಟ್ಟುಕೊಂಡಿದ್ದ ಬೀಡಿ ಎಲೆಯ ಕಟ್ಟನ್ನು ಮೆಲ್ಲ ಕೆಳಗಿಳಿಸಿದರು. ಹಣೆಗೆ ಲೈಟು ಕಟ್ಟಿದವನ ಹಾಗೆ ನಟಿಸುತ್ತಿದ್ದದ್ದು ಯಾರನ್ನು ಎಂದು ಕೇಳುವಷ್ಟು ದಡ್ಡ ನಾನಲ್ಲ.

"ಸಂಜೀವ, ಇವತ್ತು ಮರ ಇಲ್ಲವಾ?" ಎಂದರು ಲೀಲಕ್ಕ. ಅವರು ನನಗಿಂತ ದೊಡ್ಡವರು, ಊರಿಗೆಲ್ಲ ಏಕವಚನ.

"ಇನ್ನು ಎರಡೆರಡು ದಿನ ರಜೆ ಲೀಲಕ್ಕ."

"ಪಡ್ಚ!" ಎಂದರು ಐಸಮ್ಮ. ಎಲ್ಲ ಮುಗಿಯಿತು ಎಂದು ಅದರ ಅರ್ಥ.

ಸುಮ್ಮನೆ ಹಿಂದೆ ಹೋಗಬಹುದಿತ್ತು. ಆದರೆ ನನ್ನ ಸ್ವಭಾವ ಹಾಗಲ್ಲ, ಕೆಲಸ ಮಾಡುವಲ್ಲಿ ಕೈಕಟ್ಟಿ ಕೂರಲು ನನಗೆ ಬರುವುದಿಲ್ಲ. ಅವರು ಒದ್ದೆ ಎಲೆ ಕತ್ತರಿಸುವುದನ್ನು ನೋಡಿದೆ. ಲೀಲಕ್ಕನ ಕತ್ತರಿ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಅವರು ನೀರು ಕುಡಿಯಲು ಬಾವಿಯ ಹತ್ತಿರ ಹೋದ ಹೊತ್ತಿಗೆ ಕತ್ತರಿಯನ್ನು ಎತ್ತಿಕೊಂಡು ಹೋಗಿ ನನ್ನ ಮಸೆಗಲ್ಲಿಗೆ ಕೊಟ್ಟೆ. ಟ್ಯಾಪಿಂಗ್ ಕತ್ತಿಯನ್ನು ನಾನು ಮಸೆದರೆ ಕೈಯ ರೋಮ ತಾನಾಗಿ ಉದುರಬೇಕು. ಕತ್ತರಿಯನ್ನೂ ಹಾಗೆಯೇ ಮಸೆದೆ, ಎರಡು ಅಲಗನ್ನೂ, ಒಳಗಿನಿಂದಲೂ ಹೊರಗಿನಿಂದಲೂ. ಫಳಫಳ ಹೊಳೆಯಿತು. ತಂದು ತಡ್ಪೆಯಲ್ಲಿಟ್ಟು ಹೊಗಳಿಕೆಗೆ ಕಾದು ನಿಂತೆ.

ಲೀಲಕ್ಕ ಕತ್ತರಿಸಿದರು. ಎಲೆ ತುಂಡಾಗಲಿಲ್ಲ, ಎರಡು ಅಲಗಿನ ನಡುವೆ ಮಡಚಿ ಕೂತಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಮಡಚಿತು. ಅಲಗುಗಳ ನಡುವೆ ಆಚೆ ಬದಿಯ ತೆಂಗಿನಮರ ಕಾಣುತ್ತಿತ್ತು.

"ಎಂತ ಮಾಡಿದಿ ಇದಕ್ಕೆ?"

"ಹರಿತ ಮಾಡಿದೆ."

"ನಾನು ಹೇಳಿದ್ದೆನಾ?" ಲೀಲಕ್ಕನ ಧ್ವನಿ ದೊಡ್ಡದಾಗಲಿಲ್ಲ, ಅದೇ ಹೆದರಿಕೆಯಾದದ್ದು. "ನಾನು ಮದುವೆಯಾಗಿ ಬಂದಾಗಿನ ಕತ್ತರಿ ಇದು. ನನ್ನ ಹೆಬ್ಬೆರಳಿಗೆ ಸರಿಯಾಗಿ ಸವೆದದ್ದು. ಸುಮತಿ, ಇನ್ನು ನಮ್ಮ ಜಗಲಿಯಲ್ಲಿ ಕೂರುವ. ಐಸಮ್ಮ, ಏಳು."

ತಡ್ಪೆಗಳು ಎದ್ದು ಹೋದವು. ಸುಮತಿ ಹೋಗುವ ಹಾಗಿರಲಿಲ್ಲ, ಒಲೆಯ ಮೇಲೆ ಕುಚ್ಚಲಕ್ಕಿ ಬೇಯುತ್ತಿತ್ತು, ದನ ಕರೆಯುತ್ತಿತ್ತು. ಒಬ್ಬಳೇ ಕೂತು ಕಟ್ಟಿದಳು. ನಾನು ಹತ್ತಿರ ಕೂತು, "ಲೀಲಕ್ಕನಿಗೆ ಎಷ್ಟು ಗರ್ವ ನೋಡು" ಎಂದೆ. ಅವಳು ನೂಲು ಸುತ್ತಿದಳು. ಅವಳ ತಮ್ಮನ ಸುದ್ದಿ ತೆಗೆದೆ. ಇನ್ನೊಂದು ಎಲೆ ಕೈಗೆತ್ತಿಕೊಂಡಳು. ಬೈಯುವ ಸುಮತಿ ನನಗೆ ಗೊತ್ತು. ಬೈಯದ ಸುಮತಿಯನ್ನು ಏನು ಮಾಡುವುದೆಂದು ಗೊತ್ತಿರಲಿಲ್ಲ.

ಮುಂದಿನ ಮೊದಲ ರಜೆಗೆ ಮೂಡುಬಿದಿರೆಗೆ ಹೋಗಿ, ಇದ್ದುದರಲ್ಲಿ ಒಳ್ಳೆಯ ಹೊಸ ಕತ್ತರಿ ತಂದು ಲೀಲಕ್ಕನ ಮನೆಗೆ ಒಯ್ದೆ. ತೆಗೆದುಕೊಂಡರು. "ಕೂರು" ಎನ್ನಲಿಲ್ಲ. "ಜಗಲಿಗೆ ಬನ್ನಿ ಲೀಲಕ್ಕ" ಎಂದೆ. "ನೀನಿರುವಾಗ ಬಂದು ಎಂತ ಮಾಡುವುದು? ಬೀಡಿ ಮಾತ್ರ ಕಟ್ಟುವುದಾದರೆ ನಮ್ಮ ಮನೆಯಲ್ಲೇ ಕಟ್ಟಬಹುದು" ಎಂದರು. ಒಳಗೆ ಐಸಮ್ಮನ ಕೆಮ್ಮು ಕೇಳಿತು. ಕೆಮ್ಮಲ್ಲ ಅದು, ನಗುವನ್ನು ಸೆರಗಿನಲ್ಲಿ ತುರುಕಿದ ಶಬ್ದ.

ಮನೆಗೆ ಬಂದು ನೋಡಿದರೆ ಸುಮತಿ ಒಳ್ಳೆಯ ಸೀರೆ ಉಟ್ಟು ಹೊರಟಿದ್ದಾಳೆ. "ಎಲ್ಲಿಗೆ?" ಎಂದೆ. "ಧನಿಗಳಲ್ಲಿಗೆ" ಎಂದಳು. ಧನಿಗಳ ಎದುರು ಹೆಂಡತಿ ಹೋಗಿ ನನ್ನ ಕೆಲಸದ ವಿಷಯ ಮಾತಾಡುವುದೆಂದರೆ ನನ್ನ ಮರ್ಯಾದೆ ಎಲ್ಲಿಗೆ ಬಂತು? ಬೇಡ ಎಂದೆ. ಅವಳು ಆಗಲೇ ಗುಡ್ಡದ ಅರ್ಧದಲ್ಲಿದ್ದಳು. ನಾನು ಹಿಂದಿನಿಂದ ಓಡಿದೆ.

ಧನಿಗಳು ಅಂಗಳದಲ್ಲಿ ಕೂತಿದ್ದರು. ಸುಮತಿ ಕಂಬಕ್ಕೆ ಒರಗಿ ನಿಂತು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಧನಿ, ಮರಕ್ಕೆ ಎರಡು ದಿನ ರಜೆ ಕೊಡಿ. ನಾಲ್ಕು ದಿನ ಬೇಕಾದರೂ ಕೊಡಿ, ನಾನು ಬೇಡ ಹೇಳುವುದಿಲ್ಲ. ಇವರಿಗೆ ಮಾತ್ರ ಕೊಡಬೇಡಿ."

ಧನಿಗಳು ನನ್ನನ್ನು ನೋಡಿದರು. ನಾನು ಅವರ ಮಾಡಿನ ಹೆಂಚುಗಳನ್ನು ನೋಡಿದೆ. ಒಂದು ಹೆಂಚು ಜಾರಿತ್ತು.

"ಸಂಜೀವ ಮನೆಯಲ್ಲಿದ್ದರೆ ನಿನಗೆ ಒಳ್ಳೆಯದಲ್ಲವಾ ಸುಮತಿ?"

"ಒಂದು ದಿನ ಒಳ್ಳೆಯದೇ ಧನಿ. ಒಂದು ದಿನ ಇವರು ಇಲ್ಲದಿದ್ದರೆ ಇನ್ನೊಂದು ದಿನ ಇರುವುದು ಗೊತ್ತಾಗ್ತದೆ. ಮತ್ತೆ ನನಗೂ ನಾಲ್ಕು ಜನ ಬೇಡವಾ? ಇವರು ಮಲಗುವುದನ್ನು ನೋಡಿಕೊಂಡೇ ಮುದುಕಿಯಾಗುವುದಾ?"

ಅವಳು ಕೊನೆಯ ಮಾತನ್ನು ನಕ್ಕೇ ಹೇಳಿದಳು. ಆದರೂ ಧನಿಗಳು ನಗಲಿಲ್ಲ, ನಾನೂ ನಗಲಿಲ್ಲ. ಇಷ್ಟು ವರ್ಷ ನಾನು ಗುಡ್ಡದಲ್ಲಿ ಬೆವರು ಸುರಿಸುವಾಗ, ಪಾಪ, ಅವಳೊಬ್ಬಳೇ ಮನೆಯಲ್ಲಿ ಬೇಸರದಿಂದಿರುತ್ತಾಳೆ ಎಂದು ಮರುಕಪಡುತ್ತಿದ್ದೆನಲ್ಲ, ಆ ಮರುಕವನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದೆ.

ಧನಿಗಳ ಅಕ್ಕನ ಪಾಲಿನ ಒಂದಷ್ಟು ರಬ್ಬರ್ ಮರಗಳು ನಮ್ಮ ಮನೆಯೆದುರು ಹರಿಯುವ ತೋಡಿನ ಆಚೆ ಬದಿಯಲ್ಲಿದ್ದವು. ಕೆತ್ತುವವರಿಲ್ಲದೆ ಪೊದೆ ಬೆಳೆದಿತ್ತು. "ಅದನ್ನು ನೋಡಿಕೊಳ್ತೀಯಾ?" ಎಂದರು ಧನಿಗಳು. ನಾನು ಉತ್ತರ ಹೇಳುವ ಮೊದಲು ಸುಮತಿ "ನಾಳೆಯಿಂದಲೇ" ಎಂದಳು.

ಈಗ ನನಗೆ ಮೂರು ದಿನದ ವಾರ. ಒಂದು ದಿನ ಗುಡ್ಡ, ಒಂದು ದಿನ ರಜೆ, ಒಂದು ದಿನ ತೋಡಿನಾಚೆ. ಗುಡ್ಡದ ದಿನವೂ ತೋಡಿನಾಚೆಯ ದಿನವೂ ತಡ್ಪೆಗಳು ನಮ್ಮ ಜಗಲಿಗೆ ಬರುತ್ತವೆ. ಲೀಲಕ್ಕ ಹೊಸ ಕತ್ತರಿಯನ್ನು ಬೈಯುತ್ತಲೇ ಪಳಗಿಸುತ್ತಿದ್ದಾರಂತೆ.

ತೋಡಿನಾಚೆ ಮರ ಕಡಿಮೆ, ಕೆಲಸ ಬೇಗ ಮುಗಿಯುತ್ತದೆ. ಮೊದಲ ದಿನ ಹಾಲು ಹೆಪ್ಪು ಹಾಕಿ, ಕೈ ತೊಳೆದು, ಮನೆಗೆ ಹೊರಟು ತೋಡು ದಾಟುವ ಕಾಲುಸಂಕದ ಹತ್ತಿರ ಬಂದೆ. ಅಲ್ಲಿಂದ ನಮ್ಮ ಜಗಲಿ ಚೆನ್ನಾಗಿ ಕಾಣುತ್ತದೆ. ಲೀಲಕ್ಕ ಎದ್ದು ನಿಂತಿದ್ದರು. ಬೆನ್ನು ಸ್ವಲ್ಪ ಬಗ್ಗಿಸಿ, ಕಂಬವನ್ನು ಸುತ್ತು ಹಾಕಿ, ಅದರ ಕಿವಿಯಲ್ಲಿ ಏನೋ ಗುಟ್ಟು ಹೇಳಿ, ಓರೆಯಾಗಿ ಒಂದು ಗೀಟು ಎಳೆದರು. ಆಮೇಲೆ ದೂರ ನಿಂತು ಅದನ್ನೇ ಹೆಮ್ಮೆಯಿಂದ ನೋಡಿ ಮೀಸೆ ತಿರುವಿದರು. ಐಸಮ್ಮ ನೆಲಕ್ಕೆ ಕೈ ಬಡಿದು ನಗುತ್ತಿದ್ದರು. ಸುಮತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮರದ ಜೊತೆ ನಾನು ಮಾತಾಡುವುದು ಹೌದು. ಆದರೆ ಅದು ಹೊರಗಿನವರಿಗೆ ಹೇಗೆ ಗೊತ್ತಾಯಿತು?

ಸಿಟ್ಟು ಬಂತು. ಸಂಕಕ್ಕೆ ಒಂದು ಕಾಲಿಟ್ಟೆ. ಮತ್ತೆ ಹಿಂದೆ ತೆಗೆದೆ. ಖಾಲಿ ಬಕೆಟ್ ಕವುಚಿ ಅದರ ಮೇಲೆ ಕೂತು, ನೀರು ನೋಡುತ್ತಾ ಒಂದು ಎಲೆಯಡಿಕೆ ಜಗಿದೆ. ನೋಡಲಿಲ್ಲವೆಂದರೆ ಸುಳ್ಳಾಗುತ್ತದೆ. ಲೀಲಕ್ಕ ನನ್ನ ನಡಿಗೆಯನ್ನು ಮಾಡಿದ್ದು ಸರಿಯಿರಲಿಲ್ಲ, ನಾನು ಅಷ್ಟು ಕುಂಟುವುದಿಲ್ಲ. ಉಳಿದದ್ದು ಪರವಾಗಿಲ್ಲ.

ಜಗಲಿ ಸ್ವಲ್ಪ ತಣ್ಣಗಾಯಿತು. ತಡ್ಪೆ ಕೊಡವುವ ಶಬ್ದ ಕೇಳಿತು. ಆಮೇಲೆ ಸುಮತಿ ಅಂಗಳದ ಕೊನೆಗೆ ಬಂದು, ಸೊಂಟಕ್ಕೆ ಕೈಯಿಟ್ಟು, ತೋಡಿನ ಈಚೆಗೆ ಕೂಗಿದಳು:

"ಇನ್ನು ಊಟಕ್ಕೆ ಬರಬಹುದು! ಇವತ್ತಿಗೆ ನಿಮ್ಮದು ಮುಗಿಯಿತು, ಈಗ ಐಸಮ್ಮನ ಗಂಡನದ್ದು ಶುರು!"